ಖಾಲಿ ತೋಟಾದಿಂದ ಹಳೇ ಪ್ರೈಮರ್ ಬಿಡಿಸುವ ಬಗೆ

ತೋಟಾದ ಲೋಹದ ಕವಚಕ್ಕೆ ಕೇಸು ಅನ್ನುತ್ತೇವೆ. ಅದರ ತಳದಲ್ಲಿ ಕೂತು, ಬಡಿದಾಗ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಬಟ್ಟಲೇ ಪ್ರೈಮರ್. ರೈಫಲ್ ತೋಟಾಗಳನ್ನು ಕೈಯಲ್ಲೇ ಮತ್ತೆ ತುಂಬಿಸುವವರಲ್ಲಿ ತುಂಬಾ ಜನ ಹಳೇ ಪ್ರೈಮರ್ ಬಿಡಿಸುವುದನ್ನು ಬೇರೆ ಕೆಲಸ ಅಂತ ಲೆಕ್ಕಕ್ಕೇ ಇಡುವುದಿಲ್ಲ. ಹಿಗ್ಗಿದ ಕೇಸನ್ನು ಒತ್ತಿ ಮೊದಲಿನ ಅಳತೆಗೆ ತರುವ ಅಚ್ಚು ಸೈಜಿಂಗ್ ಡೈ. ಅದರೊಳಗೇ ಪ್ರೈಮರ್ ತಳ್ಳುವ ಪಿನ್ ಇರುತ್ತದೆ. ಡೈ ಕೂರಿಸಿದ ಪ್ರೆಸ್ಸಿನ ಲಿವರ್ ಒಂದು ಸಲ ಎಳೆದರೆ ಕೇಸು ಅಳತೆಗೂ ಬರುತ್ತದೆ, ಪ್ರೈಮರೂ ಉದುರುತ್ತದೆ. ಎರಡು ಸಲ ಯಾಕೆ ಎಳೆಯಬೇಕು ಅನ್ನುತ್ತಾರೆ.

ನಾನು ಎರಡು ಸಲ ಎಳೆಯುವವನು. ಶೂಟಿಂಗ್ ರೇಂಜ್‌ನಿಂದ ಬಂದ ಕೇಸುಗಳನ್ನು ತೊಳೆಯುವುದಕ್ಕೂ ಮೊದಲು, ಮಸಿ ಮಸಿಯಾಗಿರುವಾಗಲೇ, ಬರೀ ಪ್ರೈಮರ್ ಬಿಡಿಸುತ್ತೇನೆ. ಅದಕ್ಕೆ ಬೇರೆಯದೇ ಡೈ ಇಟ್ಟುಕೊಂಡಿದ್ದೇನೆ. ಕೊಳೆ ಕೇಸನ್ನು ಸೈಜಿಂಗ್ ಡೈಗೆ ನುಗ್ಗಿಸಿದರೆ ಮರಳಿನ ಕಣವೊಂದು ಡೈ ಗೋಡೆಯಲ್ಲಿ ಗೀರು ಹಾಕುತ್ತದೆ. ಆಮೇಲೆ ಬರುವ ಪ್ರತಿ ಕೇಸಿನ ಮೇಲೂ ಅದೇ ಗೀರು. ಪ್ರೈಮರ್ ಇರುವಾಗಲೇ ತೊಳೆದರೆ ಅದು ಕೂತಿದ್ದ ಗುಳಿ, ಅಂದರೆ ಪಾಕೆಟ್, ಕೊಳೆಯಾಗಿಯೇ ಉಳಿಯುತ್ತದೆ. ಒಳಗೆ ಹೋದ ನೀರು ಬೇಗ ಒಣಗುವುದೂ ಇಲ್ಲ.

ಇವೆರಡೂ ಸಣ್ಣ ಕಾರಣಗಳು. ದೊಡ್ಡದು ಬೇರೆ ಇದೆ. ಸೈಜಿಂಗ್ ಡೈಯಲ್ಲಿ ಪಿನ್ ಪ್ರೈಮರ್‌ಗೆ ತಾಗುವುದು ಲಿವರ್ ಎಳೆತದ ಕೊನೆಯಲ್ಲಿ. ಆ ಹೊತ್ತಿಗೆ ಇಡೀ ಕೇಸು ಡೈಯೊಳಗೆ ಬಿಗಿಯಾಗಿ ಸಿಕ್ಕಿರುತ್ತದೆ. ಕೈಗೆ ಗೊತ್ತಾಗುವುದು ಆ ಬಿಗಿ ಮಾತ್ರ. ಪ್ರೈಮರ್ ಸುಲಭವಾಗಿ ಬಂತಾ, ಕಷ್ಟಪಟ್ಟು ಬಂತಾ ಅನ್ನುವುದು ಅದರಲ್ಲಿ ಮುಚ್ಚಿಹೋಗುತ್ತದೆ. ಒಂದು ಕೇಸು ಇನ್ನೂ ಬಾಳಿಕೆ ಬರುತ್ತದಾ ಇಲ್ಲವಾ ಅಂತ ಮೊದಲು ಗೊತ್ತಾಗುವುದೇ ಪ್ರೈಮರ್ ಹೊರಬರುವ ಆ ಕ್ಷಣದಲ್ಲಿ. ಅದನ್ನು ನಾನು ಕಳೆದುಕೊಳ್ಳಲು ತಯಾರಿಲ್ಲ.

ಇನ್ನೊಂದು ವಿಷಯ. ತೋಟಾ ತುಂಬಿಸುವುದಕ್ಕೆ ಕೆಲವು ದೇಶಗಳಲ್ಲಿ ಪರವಾನಗಿ ಬೇಕು, ಕೆಲವು ಕಡೆ ಪೂರ್ತಿ ನಿಷೇಧವೇ ಇದೆ. ನೀವಿರುವ ಕಡೆಯ ಕಾನೂನು ತಿಳಿದುಕೊಂಡು ಮುಂದಕ್ಕೆ ಓದಿ.

ಮೊದಲು ಒಳಗೆ ಇಣುಕಿ

ಪ್ರೈಮರ್‌ನಲ್ಲಿ ಎರಡು ಜಾತಿ. ಬಾಕ್ಸರ್ ಮತ್ತು ಬರ್ಡನ್. ಬಾಕ್ಸರ್ ಜಾತಿಯಲ್ಲಿ ಸಿಡಿಮದ್ದನ್ನು ಒತ್ತಿ ಹಿಡಿಯುವ ಪುಟ್ಟ ಅಡಿಗಲ್ಲು, ಅಂದರೆ ಆನ್ವಿಲ್, ಪ್ರೈಮರ್ ಬಟ್ಟಲಿನೊಳಗೇ ಇರುತ್ತದೆ. ಕೇಸಿನ ತಳದಲ್ಲಿ ಸರಿಯಾಗಿ ನಡುವೆ ಒಂದೇ ತೂತು. ಬರ್ಡನ್‌ನಲ್ಲಿ ಆ ಅಡಿಗಲ್ಲು ಕೇಸಿನದೇ ಭಾಗ. ಪಾಕೆಟ್‌ನ ನಡುವೆ ಗುಬುಟಿನಂತೆ ಎದ್ದು ನಿಂತಿರುತ್ತದೆ. ಅದರ ಆಚೆ ಈಚೆ ಸಾಮಾನ್ಯವಾಗಿ ಎರಡು ಸಣ್ಣ ತೂತುಗಳು.

ಎರಡೂ ಹುಟ್ಟಿದ್ದು 1860ರ ದಶಕದಲ್ಲಿ. ಎಡ್ವರ್ಡ್ ಬಾಕ್ಸರ್ ಇಂಗ್ಲೆಂಡಿನ ಸೇನಾಧಿಕಾರಿ, ಹೈರಮ್ ಬರ್ಡನ್ ಅಮೆರಿಕದವನು. ಆದರೆ ಅಮೆರಿಕದಲ್ಲಿ ಬೇರೂರಿದ್ದು ಇಂಗ್ಲಿಷಿನವನ ಪ್ರೈಮರ್. ಅಮೆರಿಕದವನದು ಯುರೋಪಿನ ಸೇನೆಗಳಲ್ಲಿ ಹರಡಿತು. ಕೈಯಲ್ಲಿ ತುಂಬಿಸುವ ಹವ್ಯಾಸ ಅಮೆರಿಕದಲ್ಲಿ ಅಷ್ಟು ಬೆಳೆದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ನಡುವಿನ ಒಂದೇ ತೂತಿನಲ್ಲಿ ಪಿನ್ ಇಳಿಸಿ ತಳ್ಳಿದರೆ ಮುಗಿಯಿತು. ಬರ್ಡನ್ ಕೇಸಿಗೆ ಅದೇ ಪಿನ್ ಇಳಿಸಿದರೆ ಅದು ನೇರವಾಗಿ ಗಟ್ಟಿ ಹಿತ್ತಾಳೆಗೆ ಗುದ್ದುತ್ತದೆ. ಪಿನ್ ಬಾಗುತ್ತದೆ, ಇಲ್ಲ ಮುರಿಯುತ್ತದೆ.

ಹಾಗಾಗಿ ಪ್ರತಿ ಕೇಸಿನ ಬಾಯಿಗೂ ಟಾರ್ಚ್ ಹಿಡಿದು ನೋಡುತ್ತೇನೆ. ಒಂದೇ ತೂತು ನಡುವೆ ಕಂಡರೆ ಈಕಡೆ, ಎರಡು ಕಂಡರೆ ಆಕಡೆ. ಉಕ್ಕಿನ ಕೇಸುಗಳಲ್ಲಿ ಬರ್ಡನ್ ಜಾಸ್ತಿ, ಹಳೇ ಸೇನಾ ದಾಸ್ತಾನಿನಲ್ಲಿಯೂ ಅಷ್ಟೇ. ಬರ್ಡನ್ ಬಿಡಿಸುವುದಕ್ಕೂ ದಾರಿಗಳಿವೆ. ಕೇಸಿಗೆ ನೀರು ತುಂಬಿ, ಬಾಯಿಗೆ ಬಿಗಿಯಾಗಿ ಕೂರುವ ಕಡ್ಡಿಯಿಂದ ಗುದ್ದಿ ನೀರಿನ ಒತ್ತಡದಲ್ಲೇ ಪ್ರೈಮರ್ ಹಾರಿಸುವುದು ಒಂದು. ಕೊಕ್ಕೆಯಂಥ ಉಪಕರಣದಿಂದ ಹೊರಗಿನಿಂದ ಮೀಟಿ ತೆಗೆಯುವುದು ಇನ್ನೊಂದು. ಬೇರೆ ಬ್ರಾಸ್, ಅಂದರೆ ಹಿತ್ತಾಳೆ ಕೇಸು, ಸಿಗದ ಅಪರೂಪದ ಕ್ಯಾಲಿಬರ್ (ಗುಂಡಿನ ಅಳತೆ) ಆದರೆ ಆ ಒದ್ದಾಟಕ್ಕೆ ಅರ್ಥವಿದೆ. .308ರಂಥ ಎಲ್ಲೆಡೆ ಸಿಗುವ ಕೇಸಿಗೆ ಯಾಕೆ ಬೇಕು? ನಾನು ಗುಜರಿ ಡಬ್ಬಿಗೆ ಹಾಕುತ್ತೇನೆ.

ಟಾರ್ಚ್ ಹಿಡಿದಾಗ ಇನ್ನೂ ಕೆಲವು ಕಾಣಿಸುತ್ತವೆ. ಕಲ್ಲಿನ ಚೂರು, ಹುಲ್ಲು, ಒಣಗಿದ ಕೆಸರು. ದೊಡ್ಡ ಕೇಸಿನೊಳಗೆ .22ರ ಪುಟ್ಟ ಕೇಸು ಹೊಕ್ಕು ಕೂತಿರುವುದೂ ಉಂಟು. ಇವೆಲ್ಲ ಪಿನ್ನಿನ ಶತ್ರುಗಳು. ತಲೆಕೆಳಗು ಮಾಡಿ ತಟ್ಟಿ ಬೀಳಿಸಿ. ಕತ್ತಿನಲ್ಲಿ ಸೀಳು ಬಿಟ್ಟ ಕೇಸು, ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಬಂದ ಕೇಸು, ಇವನ್ನು ಇಲ್ಲಿಗೇ ಬಿಡಿ. ಆ ಗೆರೆ ಅಂದರೆ ಒಳಗೆ ಗೋಡೆ ತೆಳುವಾಗಿದೆ ಅಂತ. ಮತ್ತೆ ಹೊಡೆದರೆ ಕೇಸು ಎರಡು ತುಂಡಾಗಬಹುದು.

ಪ್ರೈಮರ್ ಮುಖವನ್ನೂ ನೋಡಿ. ಹೊಡೆತದ ಗುಳಿ ಇಲ್ಲದಿದ್ದರೆ ಅದು ಸಿಡಿದಿಲ್ಲ. ಅಂಥದ್ದನ್ನು ಪ್ರೆಸ್ ಹತ್ತಿರವೂ ತರಬೇಡಿ. ಇದರ ಬಗ್ಗೆ ಕೆಳಗೆ ಹೇಳುತ್ತೇನೆ.

ಉಪಕರಣ

ನನ್ನದು ಒಂದೇ ಸ್ಟೇಷನ್ನಿನ ಸಾದಾ ಪ್ರೆಸ್. ಅದರ ಮೇಲೆ ಯೂನಿವರ್ಸಲ್ ಡೀಕ್ಯಾಪಿಂಗ್ ಡೈ, ಅಂದರೆ ಬರೀ ಪ್ರೈಮರ್ ಬಿಡಿಸುವ ಡೈ. ಈ ಡೈ ಕೇಸಿನ ಗೋಡೆಯನ್ನು ಮುಟ್ಟುವುದೇ ಇಲ್ಲ. ನಡುವೆ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಪಿನ್, ಅಷ್ಟೇ. ಹಾಗಾಗಿ ಕೊಳೆಯಾದರೂ ಚಿಂತೆಯಿಲ್ಲ, ಎಣ್ಣೆ ಸವರುವ ಕೆಲಸವೂ ಇಲ್ಲ. ಒಂದೇ ಡೈ .223ಕ್ಕೂ ಆಗುತ್ತದೆ, .308ಕ್ಕೂ ಆಗುತ್ತದೆ. ಬದಲಿಸಬೇಕಾದ್ದು ಕೇಸಿನ ತಳವನ್ನು ಹಿಡಿದುಕೊಳ್ಳುವ ಶೆಲ್ ಹೋಲ್ಡರ್ ಮಾತ್ರ. ಅದರ ನಂಬರ್ ಕಂಪನಿಯಿಂದ ಕಂಪನಿಗೆ ಬೇರೆ. .308ಕ್ಕೆ ಆರ್‌ಸಿಬಿಎಸ್‌ನದ್ದು 3, ಲೀಯದ್ದು 2. ಡಬ್ಬಿ ನೋಡದೆ ನಂಬರ್ ಹೇಳಿ ತರಿಸಿಕೊಳ್ಳಬೇಡಿ.

ಪ್ರೆಸ್ ಇಲ್ಲದವರಿಗೆ ಇಕ್ಕಳದಂತೆ ಕೈಯಲ್ಲಿ ಹಿಡಿದು ಒತ್ತುವ ಉಪಕರಣ ಸಿಗುತ್ತದೆ. ಕುರ್ಚಿಯಲ್ಲಿ ಕೂತು ಆರಾಮಾಗಿ ಮಾಡಬಹುದು. ಆದರೆ ಪ್ರೈಮರ್ ಬಿಗಿಯಾಗಿ ಕೂತ ಸೇನಾ ಬ್ರಾಸ್ ರಾಶಿ ಇದ್ದರೆ ಹೆಬ್ಬೆರಳಿನ ಬುಡ ಬೇಗ ನೋಯುತ್ತದೆ. ಇನ್ನೂ ಸರಳವಾದದ್ದು ಸುತ್ತಿಗೆಯ ಸೆಟ್: ತಳಕ್ಕೆ ತೂತಿರುವ ಒಂದು ಕಬ್ಬಿಣದ ಬಿಲ್ಲೆ, ಮೇಲಿನಿಂದ ಇಳಿಸುವ ಪಿನ್, ಕೈಯಲ್ಲಿ ಸುತ್ತಿಗೆ. ನನ್ನ ಶೂಟಿಂಗ್ ಗೆಳೆಯರೊಬ್ಬರು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಕಮ್ಮಿ ಕೇಸು ಇದ್ದರೆ ಅವರು ಹೇಳುವುದೂ ಸರಿಯೇ. ನನಗೆ ಒಗ್ಗುವುದಿಲ್ಲ. ಸುತ್ತಿಗೆ ಏಟಿನಲ್ಲಿ ಪ್ರೈಮರ್ ಬಿಗಿಯಾಗಿತ್ತಾ ಸಡಿಲವಾಗಿತ್ತಾ ಅಂತ ಕೈಗೆ ಗೊತ್ತಾಗುವುದೇ ಇಲ್ಲ.

ಪಿನ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಫ್ಲಾಶ್ ಹೋಲ್, ಅಂದರೆ ಕೇಸಿನ ತಳದ ಆ ತೂತು, ಸಾಮಾನ್ಯವಾಗಿ ಸುಮಾರು 2 ಮಿಲಿಮೀಟರ್ ಅಗಲ. ಆದರೆ ಲಪುವಾ ಕಂಪನಿಯ ಕೆಲವು ಕೇಸುಗಳಲ್ಲಿ, ಉದಾಹರಣೆಗೆ ಸಣ್ಣ ಪ್ರೈಮರ್ ಹಿಡಿಯುವ 6.5 ಕ್ರೀಡ್‌ಮೂರ್ ಮತ್ತು .308 ಪಾಲ್ಮಾದಲ್ಲಿ, ಅದು ಸುಮಾರು 1.5 ಮಿಲಿಮೀಟರ್ ಮಾತ್ರ. ಸಾಮಾನ್ಯ ಪಿನ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಪಿನ್ ಕಡ್ಡಿಯಿಂದ ಕಿತ್ತು ಬರುತ್ತದೆ, ಇಲ್ಲವೇ ದುಬಾರಿ ಬ್ರಾಸಿನ ತೂತನ್ನೇ ಹಿಗ್ಗಿಸುತ್ತದೆ. ಇಂಥ ಕೇಸಿಗೆ ತೆಳು ಪಿನ್ ಬೇರೆಯೇ ಬೇಕು. ಎರಡೂ ಬಗೆಯ ಪಿನ್ನಿಗೆ ಒಂದೊಂದು ಬಿಡಿ ಇಟ್ಟುಕೊಂಡಿರಿ. ಪಿನ್ ಮುರಿಯುವುದು ಯಾವಾಗಲೂ ಕೆಲಸ ಅರ್ಧಕ್ಕೆ ಬಂದಾಗಲೇ.

ಹೊಂದಿಸುವುದು

ಡೈಯನ್ನು ಪ್ರೆಸ್ಸಿಗೆ ತಿರುಪಿ, ಶೆಲ್ ಹೋಲ್ಡರ್ ಕೂರಿಸಿ, ರ್ಯಾಮ್, ಅಂದರೆ ಲಿವರ್ ಎಳೆದಾಗ ಕೇಸನ್ನು ಮೇಲಕ್ಕೆತ್ತುವ ಕಂಬ, ಪೂರ್ತಿ ಮೇಲಕ್ಕೆ ತನ್ನಿ. ಡೈ ಶೆಲ್ ಹೋಲ್ಡರನ್ನು ಮುಟ್ಟುವ ತನಕ ಇಳಿಸಿ, ಬೀಗದ ನಟ್ಟು ಬಿಗಿ ಮಾಡಿ. ಈಗ ಪಿನ್ ಎಷ್ಟು ಕೆಳಗೆ ಇಳಿದಿರಬೇಕು? ಇದರಲ್ಲೇ ಹೊಸಬರು ತಡಕಾಡುವುದು.

ಪಾಕೆಟ್‌ನ ಆಳ ಸುಮಾರು 3 ಮಿಲಿಮೀಟರಿಗೆ ಸ್ವಲ್ಪ ಆಚೆ ಈಚೆ. ಅದರ ಮೇಲೆ ತಳದ ಹಿತ್ತಾಳೆಯ ದಪ್ಪ ಇದೆ. ಪಿನ್ ಎರಡನ್ನೂ ದಾಟಿ ಬಂದರೆ ಮಾತ್ರ ಪ್ರೈಮರ್ ಪೂರ್ತಿ ಹೊರಗೆ ಬೀಳುತ್ತದೆ. ಡೈಯ ಬಾಯಿಂದ ಸುಮಾರು 5 ಮಿಲಿಮೀಟರ್ ಹೊರಗಿದ್ದರೆ ಸಾಮಾನ್ಯವಾಗಿ ಸಾಕು. ಕಮ್ಮಿಯಾದರೆ ಪ್ರೈಮರ್ ಅರ್ಧ ಬಂದು ನೇತಾಡುತ್ತದೆ. ಜಾಸ್ತಿಯಾದರೆ ಪಿನ್ನಿನ ಮೇಲಿರುವ ದಪ್ಪ ಕಡ್ಡಿ ಕೇಸಿನ ತಳಕ್ಕೆ ಒಳಗಿನಿಂದ ಗುದ್ದುತ್ತದೆ. ಆಗ ಲಿವರ್ ಕೊನೆಯಲ್ಲಿ ಗಡಕ್ ಅಂತ ನಿಲ್ಲುತ್ತದೆ. ಬಲ ಹಾಕಿ ಮುಂದೆ ತಳ್ಳಿದರೆ ಕಡ್ಡಿ ಬಾಗುತ್ತದೆ. ಗಡಕ್ ಅಂದರೆ ನಿಲ್ಲಿಸಿ, ಕಡ್ಡಿಯನ್ನು ಸ್ವಲ್ಪ ಮೇಲೆತ್ತಿ.

ಲೀ ಡೈಗಳಲ್ಲಿ ಈ ಕಡ್ಡಿಯನ್ನು ಕಾಲೆಟ್, ಅಂದರೆ ಸುತ್ತಲಿಂದ ಬಿಗಿಯುವ ಹಿಡಿ, ಹಿಡಿದಿರುತ್ತದೆ. ಅತಿಯಾದ ಬಲ ಬಿದ್ದರೆ ಕಡ್ಡಿ ಮೇಲಕ್ಕೆ ಜಾರಿಕೊಳ್ಳುತ್ತದೆ, ಮುರಿಯುವುದಿಲ್ಲ. ಒಳ್ಳೇ ಉಪಾಯ. ಆದರೆ ಸೇನಾ ಬ್ರಾಸಿನಲ್ಲಿ ಪದೇ ಪದೇ ಜಾರಿದರೆ ಕೋಪ ಬರುತ್ತದೆ. ಎರಡು ಸ್ಪ್ಯಾನರ್ ಹಾಕಿ ಕಾಲೆಟ್ ಬಿಗಿ ಮಾಡಿಕೊಳ್ಳಬೇಕು, ಬರೀ ಕೈಬಿಗಿ ಸಾಲದು.

ಉದುರುವ ಪ್ರೈಮರ್ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ. ಕೆಲವು ಪ್ರೆಸ್ಸುಗಳಲ್ಲಿ ರ್ಯಾಮ್ ಒಳಗೆ ಟೊಳ್ಳಾಗಿದ್ದು, ಪ್ರೈಮರ್ ಕೊಳವೆಯಲ್ಲಿ ಜಾರಿ ಬಾಟಲಿಗೆ ಬೀಳುತ್ತದೆ. ಕೆಲವದರಲ್ಲಿ ಪಕ್ಕದ ತಟ್ಟೆಗೆ ಬೀಳುತ್ತದೆ, ಅಥವಾ ಬೀಳಬೇಕು. ಬೀಳದವು ನೆಲದ ಮೇಲೆ ಉರುಳುತ್ತವೆ. ಅವುಗಳ ಜೊತೆ ಕಪ್ಪು ಪುಡಿಯೂ ಉದುರುತ್ತದೆ. ಆ ಪುಡಿ ರ್ಯಾಮ್ ಸುತ್ತ ಸೇರಿದರೆ ಪ್ರೆಸ್ ಸವೆಯುತ್ತದೆ. ನಾನು ನಡುನಡುವೆ ಒದ್ದೆ ಬಟ್ಟೆಯಲ್ಲಿ ರ್ಯಾಮ್ ಒರೆಸಿಕೊಳ್ಳುತ್ತೇನೆ.

ಲಿವರ್ ಎಳೆಯುವುದು

ಕನ್ನಡಕ ಹಾಕಿಕೊಳ್ಳಿ. ಕೇಸನ್ನು ಶೆಲ್ ಹೋಲ್ಡರಿನಲ್ಲಿ ಪೂರ್ತಿ ಒಳಕ್ಕೆ ತಳ್ಳಿ. ಅರ್ಧ ಕೂತರೆ ಪಿನ್ ತೂತಿಗೆ ಸಿಗುವುದಿಲ್ಲ. ಎಡಗೈಯಲ್ಲಿ ಕೇಸಿನ ಬಾಯನ್ನು ಡೈಗೆ ತೋರಿಸಿ, ಬಲಗೈಯಲ್ಲಿ ಲಿವರನ್ನು ನಿಧಾನಕ್ಕೆ ಇಳಿಸಿ. ಕೇಸು ಡೈಯೊಳಗೆ ಹೋಗುವಾಗ ಬೆರಳು ತೆಗೆದುಬಿಡಿ. ಸ್ವಲ್ಪ ದೂರ ಏನೂ ತಡೆ ಇರುವುದಿಲ್ಲ. ಆಮೇಲೆ ಪಿನ್ ತೂತಿನೊಳಗೆ ಇಳಿದು ಪ್ರೈಮರ್ ಮೇಲೆ ಕೂರುತ್ತದೆ. ಅದು ಲಿವರಿನಲ್ಲಿ ಗೊತ್ತಾಗುತ್ತದೆ. ಅಲ್ಲಿಂದ ಒಂದೇ ಸಮ ಒತ್ತಡ ಕೊಡಿ. ಎಳೆದಾಡಬೇಡಿ, ಗುದ್ದಬೇಡಿ. ಟಕ್ ಅಂತ ಬಿಡುತ್ತದೆ.

ಆ ಟಕ್‌ನಲ್ಲೇ ಎಲ್ಲ ಇರುವುದು. ಒಂದೇ ಪೆಟ್ಟಿಗೆಯ, ಒಂದೇ ಸಲಕ್ಕೆ ಹೊಡೆದ ಕೇಸುಗಳನ್ನು ಒಟ್ಟಿಗೆ ಬಿಡಿಸುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಕೈಗೆ ಒಂದು ಅಳತೆ ಬರುತ್ತದೆ. ಇಷ್ಟು ಬಲ ಬೇಕು ಅಂತ. ಕುಂಬಾರ ಮಡಕೆ ತಟ್ಟಿ ಸದ್ದಿನಲ್ಲೇ ಬಿರುಕು ಕಂಡುಹಿಡಿಯುವ ಹಾಗೆ. ಹಾಗೆ ಹೋಗುತ್ತಿರುವಾಗ ಒಂದು ಕೇಸಿನಲ್ಲಿ ಪ್ರೈಮರ್ ಏನೂ ತಡೆಯಿಲ್ಲದೆ ಜಾರಿಬಿಟ್ಟರೆ ಅಲ್ಲೇ ನಿಲ್ಲಿಸುತ್ತೇನೆ. ಆ ಪಾಕೆಟ್ ಹಿಗ್ಗಿದೆ. ಒತ್ತಡ ಜಾಸ್ತಿಯಾದ ಹೊಡೆತಗಳಿಂದ ಹಿಗ್ಗುತ್ತದೆ, ಮತ್ತೆ ಮತ್ತೆ ತುಂಬಿಸಿದ್ದರಿಂದಲೂ ಹಿಗ್ಗುತ್ತದೆ. ಅದರಲ್ಲಿ ಹೊಸ ಪ್ರೈಮರ್ ಭದ್ರವಾಗಿ ನಿಲ್ಲುವುದಿಲ್ಲ. ಹೊಡೆದಾಗ ಬಿಸಿ ಗಾಳಿ ಅದರ ಸುತ್ತ ನುಸುಳಿ ಕೇಸಿನ ಹಿಂದೆ ಕೂರುವ ರೈಫಲಿನ ಬೋಲ್ಟ್‌ನ ಮುಖವನ್ನು ಸುಡಬಹುದು. ನಾನು ಅಂಥ ಕೇಸಿನ ಬಾಯನ್ನು ಇಕ್ಕಳದಲ್ಲಿ ಹಿಚುಕಿ ಗುಜರಿಗೆ ಹಾಕುತ್ತೇನೆ. ಹಿಚುಕದೆ ಬಿಟ್ಟರೆ ಯಾರೋ ಒಳ್ಳೇದು ಅಂದುಕೊಂಡು ಮತ್ತೆ ರಾಶಿಗೆ ಸೇರಿಸುತ್ತಾರೆ.

ಸೈಜಿಂಗ್ ಡೈಯಲ್ಲಿ ಇದೇ ಕೇಸು ಸದ್ದಿಲ್ಲದೆ ದಾಟಿ ಹೋಗುತ್ತಿತ್ತು. ಹೊಸ ಪ್ರೈಮರ್ ಕೂರಿಸುವಾಗ ಗೊತ್ತಾಗುತ್ತದಲ್ಲಾ ಅನ್ನಬಹುದು. ಗೊತ್ತಾಗುತ್ತದೆ ನಿಜ. ಅಷ್ಟರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ, ಸೈಜ್ ಮಾಡಿ, ಉದ್ದ ಕತ್ತರಿಸಿ ಎಲ್ಲ ಆಗಿರುತ್ತದೆ.

ಬಿದ್ದ ಪ್ರೈಮರುಗಳನ್ನೂ ಒಂದು ಸಲ ನೋಡಿ. ಅಂಚಿನ ದುಂಡು ಮಾಯವಾಗಿ ಚಪ್ಪಟೆಯಾಗಿದ್ದರೆ, ರೈಫಲಿನಲ್ಲಿ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನಿನ ಗುಳಿಯ ಸುತ್ತ ಏರಿ ಎದ್ದಿದ್ದರೆ, ತೂತೇ ಬಿದ್ದಿದ್ದರೆ, ಆ ಲೋಡಿನ, ಅಂದರೆ ತುಂಬಿಸಿದ ಮದ್ದಿನ, ಒತ್ತಡ ಜಾಸ್ತಿಯಾಗಿರಬಹುದು. ಒಂದೇ ಗುರುತಿನ ಮೇಲೆ ತೀರ್ಪು ಕೊಡಬೇಡಿ. ರೈಫಲಿನ ಫೈರಿಂಗ್ ಪಿನ್ ತೂತು ದೊಡ್ಡದಿದ್ದರೂ ಗುಳಿಯ ಸುತ್ತ ಏರಿ ಬರುತ್ತದೆ. ಆದರೂ ಸಡಿಲ ಪಾಕೆಟ್ ಮತ್ತು ಚಪ್ಪಟೆ ಪ್ರೈಮರ್ ಒಂದೇ ಗುಂಪಿನಲ್ಲಿ ಸಿಕ್ಕರೆ, ನಾನು ಲೋಡ್ ಕಮ್ಮಿ ಮಾಡದೆ ಮುಂದಿನ ತೋಟಾ ತುಂಬಿಸುವುದಿಲ್ಲ.

ಸೇನಾ ಬ್ರಾಸಿನ ಕಥೆ

ಸಡಿಲ ಪಾಕೆಟ್ಟಿಗೆ ತದ್ವಿರುದ್ಧ ಸೇನಾ ಬ್ರಾಸ್. 5.56 ಮತ್ತು 7.62 ನೇಟೋ ಕೇಸುಗಳಲ್ಲಿ ಪ್ರೈಮರ್ ಸುತ್ತ ಹಿತ್ತಾಳೆಯನ್ನು ಒಳಕ್ಕೆ ಒತ್ತಿರುತ್ತಾರೆ. ಇದೇ ಕ್ರಿಂಪ್. ಮಷೀನ್ ಗನ್ನಿನಲ್ಲಿ ಪ್ರೈಮರ್ ಹಿಂದಕ್ಕೆ ಕಳಚಿ ಯಂತ್ರದೊಳಗೆ ಬಿದ್ದರೆ ಬಂದೂಕೇ ನಿಂತುಹೋಗುತ್ತದೆ, ಅದಕ್ಕೆ ಈ ಏರ್ಪಾಡು. ತಳದಲ್ಲಿ ವೃತ್ತದೊಳಗೆ ಕೂಡು ಚಿಹ್ನೆ ಇದ್ದರೆ ನೇಟೋ ಗುರುತು. ಎಲ್‌ಸಿ ಅಂತಿದ್ದರೆ ಅಮೆರಿಕದ ಲೇಕ್ ಸಿಟಿ ಕಾರ್ಖಾನೆಯದು, ಜೊತೆಗಿರುವ ಎರಡು ಅಂಕಿ ತಯಾರಾದ ವರ್ಷ. ಪ್ರೈಮರ್ ಸುತ್ತ ಉಂಗುರದಂಥ ಗೆರೆ, ಇಲ್ಲವೇ ಮೂರು ಕಡೆ ಗೀಟು ಗುದ್ದಿದ ಗುರುತು ಕಾಣುತ್ತದೆ.

ಇಲ್ಲಿ ಬಲ ಜಾಸ್ತಿ ಬೇಕು. ಹಾಗಂತ ಜೋರಾಗಿ ಎಳೆದರೆ ಪಿನ್ ಪ್ರೈಮರಿನ ಬಟ್ಟಲನ್ನೇ ತೂರಿ ಹೋಗುತ್ತದೆ. ಒತ್ತಡ ನಿಧಾನಕ್ಕೆ ಏರಿಸಿ, ಬಿಡುವ ತನಕ ಹಿಡಿದುಕೊಳ್ಳಿ. ಕೆಲವೊಮ್ಮೆ ಬಟ್ಟಲಿನ ತಲೆ ಮಾತ್ರ ಹರಿದು ಬಂದು, ಗೋಡೆ ಉಂಗುರದ ಹಾಗೆ ಪಾಕೆಟ್ಟಿನಲ್ಲೇ ಉಳಿಯುತ್ತದೆ. ತುಕ್ಕು ಹಿಡಿದ ಹಳೇ ಕೇಸಿನಲ್ಲಿಯೂ ಇದು ಆಗುತ್ತದೆ. ಮೊಳೆ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪಾಕೆಟ್ ಕೆಡುತ್ತದೆ. ಆ ಕೇಸು ಹೋಯಿತು ಅಂದುಕೊಳ್ಳಿ. ಉಳಿದ ಆ ಉಂಗುರವನ್ನು ಗಮನಿಸದೆ ಅದರ ಮೇಲೆ ಹೊಸ ಪ್ರೈಮರ್ ತುರುಕಲು ಹೋಗುವುದು ನಿಜವಾದ ಅಪಾಯ. ಹಾಗಾಗಿ ಬಿಡಿಸಿದ ಮೇಲೆ ಪ್ರತಿ ಪಾಕೆಟ್ಟನ್ನೂ ಬೆಳಕಿಗೆ ಹಿಡಿದು ನೋಡಬೇಕು.

ಇನ್ನೊಂದು ಕಿರಿಕಿರಿ, ಪ್ರೈಮರ್ ಹೊರಗೆ ಬಂದರೂ ಪಿನ್ನಿಗೆ ಅಂಟಿಕೊಂಡು, ಲಿವರ್ ಎತ್ತುವಾಗ ವಾಪಸ್ ಪಾಕೆಟ್ಟಿಗೆ ಸೇರಿಕೊಳ್ಳುವುದು. ಪಿನ್ ತುದಿ ಚೂಪಾಗಿದ್ದರೆ, ಅಂಚು ಒರಟಾಗಿದ್ದರೆ ಹೀಗಾಗುತ್ತದೆ. ಪಿನ್ ತೆಗೆದು ತುದಿಯನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿ ನಯ ಮಾಡಿ. ಹೆಚ್ಚಾಗಿ ಅಷ್ಟಕ್ಕೇ ಸರಿಹೋಗುತ್ತದೆ.

ಕ್ರಿಂಪ್ ಇದ್ದ ಪಾಕೆಟ್ಟಿನ ಬಾಯಲ್ಲಿ ಹಿತ್ತಾಳೆಯ ತುಟಿ ಉಳಿದಿರುತ್ತದೆ. ಅದನ್ನು ತೆಗೆಯದೆ ಹೊಸ ಪ್ರೈಮರ್ ಕೂರಿಸಲು ಹೋದರೆ ಅದು ನಜ್ಜುಗುಜ್ಜಾಗುತ್ತದೆ. ರೀಮರಿನಿಂದ ಕೆತ್ತಬಹುದು, ಅಥವಾ ಸ್ವೇಜಿಂಗ್ ಉಪಕರಣದಿಂದ ಒತ್ತಿ ದುಂಡು ಮಾಡಬಹುದು. ಕೆತ್ತುವುದಾದರೆ ತುಟಿ ಹೋದ ತಕ್ಷಣ ನಿಲ್ಲಿಸಿ. ಜಾಸ್ತಿ ಕೆತ್ತಿದರೆ ಬಾಯಿ ಅಗಲವಾಗಿ ಒಳ್ಳೇ ಪಾಕೆಟ್ಟೇ ಹಾಳು. ನನಗೆ ಸ್ವೇಜಿಂಗ್ ಇಷ್ಟ. ಹಿತ್ತಾಳೆ ಎಲ್ಲೂ ಹೋಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ ಅಷ್ಟೇ.

ಸಿಡಿಯದ ಪ್ರೈಮರ್

ಮದ್ದು, ಗುಂಡು ತುಂಬಿದ ತೋಟಾವನ್ನು ಎಂದಿಗೂ ಡೀಕ್ಯಾಪಿಂಗ್ ಡೈಗೆ ಹಾಕಬಾರದು. ಇದರಲ್ಲಿ ಚರ್ಚೆಯೇ ಇಲ್ಲ. ಖಾಲಿ ಕೇಸಿನಲ್ಲಿ ಸಿಡಿಯದ ಪ್ರೈಮರ್ ಮಾತ್ರ ಇದ್ದರೆ, ನಿಧಾನಕ್ಕೆ ಒತ್ತಿ ತೆಗೆಯುವವರಿದ್ದಾರೆ. ನಾನು ತೆಗೆಯುವುದಿಲ್ಲ. ರೇಂಜಿಗೆ ಹೋದಾಗ ಆ ಕೇಸನ್ನು ರೈಫಲಿಗೆ ಹಾಕಿ, ಸುರಕ್ಷಿತ ದಿಕ್ಕಿಗೆ ಹಿಡಿದು ಹೊಡೆದುಬಿಡುತ್ತೇನೆ. ಆಮೇಲೆ ಅದೂ ಉಳಿದವುಗಳ ಹಾಗೇ. ಎಣ್ಣೆ ಬಿಟ್ಟರೆ ಪ್ರೈಮರ್ ಸತ್ತುಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದನ್ನು ನಂಬಿ ಸುತ್ತಿಗೆ ಎತ್ತಬೇಡಿ.

ಸೀಸ

ಹೆಚ್ಚಿನ ಪ್ರೈಮರುಗಳ ಮದ್ದಿನಲ್ಲಿ ಲೆಡ್ ಸ್ಟಿಫ್ನೇಟ್ ಇರುತ್ತದೆ, ಜೊತೆಗೆ ಬೇರಿಯಂ ನೈಟ್ರೇಟ್, ಆಂಟಿಮನಿ ಸಲ್ಫೈಡ್. ಉರಿದ ಮೇಲೆ ಉಳಿಯುವ ಆ ಕಪ್ಪು ಪುಡಿಯಲ್ಲಿ ಸೀಸ ಇದೆ. ಚರ್ಮಕ್ಕಿಂತ ಬಾಯಿ, ಮೂಗಿನ ದಾರಿಯೇ ಅದಕ್ಕೆ ಸುಲಭ. ಅದಕ್ಕೇ ಈ ಕೆಲಸದ ಬೆಂಚಿನ ಹತ್ತಿರ ತಿನ್ನುವುದು, ಕುಡಿಯುವುದು, ಸಿಗರೇಟು ಯಾವುದೂ ಬೇಡ. ತೆಳು ನೈಟ್ರೈಲ್ ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ. ಬಿದ್ದ ಪುಡಿಯನ್ನು ಪೊರಕೆಯಲ್ಲಿ ಗುಡಿಸಿದರೆ ಗಾಳಿಗೆ ಏಳುತ್ತದೆ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಇನ್ನೂ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳು ಓಡಾಡುವ ಕೋಣೆಯಲ್ಲಂತೂ ಇದನ್ನು ಮಾಡಲೇಬಾರದು.

ಹಳೇ ಪ್ರೈಮರುಗಳನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಕೂಡಿಡಿ. ಹಿತ್ತಾಳೆಯೇ ಆದ್ದರಿಂದ ಗುಜರಿಯವರು ತೆಗೆದುಕೊಳ್ಳಬಹುದು, ಆದರೆ ಒಳಗೆ ಏನಿದೆ ಅಂತ ಹೇಳಿ ಕೊಡಿ. ಸಿಡಿಯದ ಒಂದೇ ಒಂದು ಪ್ರೈಮರೂ ಅದರಲ್ಲಿ ಸೇರಿರಬಾರದು.

ಹಳೇ ಸೇನಾ ತೋಟಾಗಳಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುವ ಪ್ರೈಮರ್ ಸಿಗುವುದುಂಟು. ಉರಿದಾಗ ಅದು ಉಪ್ಪಾಗಿ ಉಳಿದು, ಗಾಳಿಯ ತೇವ ಹೀರಿ, ರೈಫಲಿನ ನಳಿಗೆಯನ್ನೂ ಕೇಸನ್ನೂ ತಿನ್ನುತ್ತದೆ. ಅಂಥವನ್ನು ಹೊಡೆದ ದಿನವೇ ಪ್ರೈಮರ್ ಬಿಡಿಸಿ, ಬಿಸಿ ನೀರಿನಲ್ಲಿ ತೊಳೆಯಬೇಕು. ಎಣ್ಣೆಯಿಂದ ಉಪ್ಪು ಕರಗುವುದಿಲ್ಲ.

ಆಮೇಲೆ

ಪ್ರೈಮರ್ ಹೋದ ಕೇಸುಗಳನ್ನು ನಾನು ನೀರು, ಸೋಪು, ಸ್ಟೀಲಿನ ಸಣ್ಣ ಕಡ್ಡಿಗಳ ಜೊತೆ ಟಂಬ್ಲರಿಗೆ, ಅಂದರೆ ಉರುಳಿಸಿ ತೊಳೆಯುವ ಯಂತ್ರಕ್ಕೆ, ಹಾಕುತ್ತೇನೆ. ಪಾಕೆಟ್ ತೆರೆದಿರುವುದರಿಂದ ಒಳಗಿನ ಮಸಿಯೂ ಹೋಗುತ್ತದೆ, ಬೇರೆ ಬ್ರಶ್ ಬೇಕಿಲ್ಲ. ಒಣಗಿದ ಮೇಲೆ ಫ್ಲಾಶ್ ಹೋಲಿನಲ್ಲಿ ಕಡ್ಡಿ ಸಿಕ್ಕಿಕೊಂಡಿದೆಯಾ ಅಂತ ನೋಡಬೇಕು. ಎರಡು ಕಡ್ಡಿ ಒಟ್ಟಿಗೆ ಸೇರಿಕೊಂಡು ಅಲ್ಲಾಡದೆ ನಿಲ್ಲುವುದು ಮಾಮೂಲು. ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಒಣ ಟಂಬ್ಲಿಂಗ್ ಮಾಡುವವರಿಗೂ ಇದೇ ತೊಂದರೆ, ಪುಡಿ ತೂತಿಗೆ ಅಡ್ಡ ಕೂರುತ್ತದೆ. ಒಣ ಟಂಬ್ಲಿಂಗ್‌ನ ಧೂಳಿನಲ್ಲಿ ಸೀಸ ಇರುವುದರಿಂದ ಆ ಪುಡಿಯನ್ನು ಜಾಲಿಸುವುದು ಮನೆಯ ಹೊರಗೇ ಆಗಲಿ.

ಇಷ್ಟಾದ ಮೇಲೆ ಕೇಸುಗಳು ಸೈಜಿಂಗ್ ಡೈಗೆ ಹೋಗುತ್ತವೆ. ಅಲ್ಲಿನ ಪಿನ್ನನ್ನು ನಾನು ಕಳಚುವುದಿಲ್ಲ. ಅದಕ್ಕೆ ಬಿಡಿಸುವ ಕೆಲಸ ಉಳಿದಿಲ್ಲ, ಆದರೆ ಇಳಿಯುವಾಗ ತೂತಿನಲ್ಲಿ ಏನಾದರೂ ಸಿಕ್ಕಿದ್ದರೆ ತಳ್ಳಿ ಹಾಕುತ್ತದೆ.